ಹದಿನೇಳನೇ ನಂಬರಿನ ಪಟ್ಟಿ

ಎಡಗಾಲಿಗೆ ಬೂಟು ಹತ್ತಲೇ ಇಲ್ಲ. ಹೆಣದ ಪಾದಕ್ಕೆ ಸುತ್ತಿದ್ದ ಪಟ್ಟಿ ಅಷ್ಟು ದಪ್ಪವಿತ್ತು. ಬೀಗ ರಿಪೇರಿಯವನು ಬೆವರೊರೆಸಿಕೊಂಡು, "ಬದುಕಿದ್ದಾಗಲೂ ಹಟಮಾರಿ, ಈಗಲೂ ಅಷ್ಟೇ" ಎಂದು ಗೆಳೆಯನ ಬೂಟನ್ನು ಪಕ್ಕಕ್ಕಿಟ್ಟ. ಸತ್ತವನ ಹೆಂಡತಿ ಕಾಲ ಬಳಿ ಕೂತು ರಟ್ಟಿನಿಂದ ಗಾಳಿ ಬೀಸುತ್ತಲೇ ಇದ್ದಳು.

"ಇನ್ನೂ ಯಾಕೆ ಬೀಸ್ತೀಯ?" ಸತ್ತವನ ಅಕ್ಕ ಸಿಡುಕಿದಳು. "ನೆಟ್ಟಗೆ ಪಟ್ಟಿ ಕಟ್ಟಿದ್ದಿದ್ರೆ ನನ್ನ ತಮ್ಮ ಓಡಾಡ್ಕೊಂಡಿರ್ತಿದ್ದ. ಈ ಬೀಗದವನ ಗಾಯ ಮಾಯ್ತಲ್ಲ, ಅದೇ ಔಷಧಿ ತಾನೇ?"

ಹೆಂಡತಿ ಬೀಸುವುದನ್ನು ನಿಲ್ಲಿಸಲಿಲ್ಲ. ಏಳು ತಿಂಗಳಿಂದ ಅವಳು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದುದೂ ಅದನ್ನೇ.

*

ಸತ್ತವನು ಜೇನು ಸಾಕುವವನು. ಅಂಥವನಿಗೇ ಸಕ್ಕರೆ ಕಾಯಿಲೆ ಬಂದದ್ದು ಬೀದಿಗೆಲ್ಲ ತಮಾಷೆಯಾಗಿತ್ತು. ಕಾಲಿನ ಹುಣ್ಣಿಗೆ ಮಾತ್ರ ಹಾಸ್ಯಪ್ರಜ್ಞೆ ಇರಲಿಲ್ಲ. ಜೇನುಹುಳದ ವಿಷ ಸವರಿದ ಪಟ್ಟಿಯಿಂದ ಇಂಥ ಗಾಯ ಮಾಯುತ್ತದೆಯೇ ಎಂದು ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆಗೆ ಹೊರಟಾಗ ವಿಷ ಕೊಟ್ಟವನೂ ಅವನೇ. ಗೂಡಿನ ಬಾಯಿಗೊಂದು ಗಾಜು, ಅದರ ಮೇಲೆ ಸಣ್ಣ ಕರೆಂಟಿನ ತಂತಿ. ರೇಗಿದ ಹುಳುಗಳು ಗಾಜಿಗೆ ಚುಚ್ಚಿ ಬಿಟ್ಟ ವಿಷ ಒಣಗಿದ ಮೇಲೆ ಬ್ಲೇಡಿನಲ್ಲಿ ಕೆರೆದು ತೆಗೆದ ಬಿಳಿ ಪುಡಿ.

ಪೊಟ್ಟಣಗಳ ಮೇಲೆ ಬರೀ ನಂಬರು. ಅರ್ಧದಷ್ಟರಲ್ಲಿ ವಿಷ, ಉಳಿದರ್ಧದಲ್ಲಿ ಖಾಲಿ ಪಟ್ಟಿ. ಯಾವುದು ಯಾವುದೆಂಬುದು ಮುಚ್ಚಿದ ಲಕೋಟೆಯಲ್ಲಿ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಅವನಿಗೆ ಸಿಕ್ಕಿದ್ದು ಹದಿನೇಳು; ಅಂಥದೇ ಹುಣ್ಣಿದ್ದ ಬೀಗದವನಿಗೆ ಬೇರೆ ನಂಬರು.

"ಅಯ್ಯಯ್ಯೋ, ಉರಿ! ಯಜಮಾನನ ಗುರುತೂ ಸಿಗಲಿಲ್ವೇನ್ರೋ ಹುಳುಗಳಾ?" ಎಂದು ಅವನು ಕಿರುಚಿದಾಗಲೆಲ್ಲ ಅವಳು ರಟ್ಟು ಹಿಡಿದು ಓಡಿಬರುತ್ತಿದ್ದಳು. ದಿನವೂ ಬಿಚ್ಚಿದಳು, ತೊಳೆದಳು, ಕಟ್ಟಿದಳು. ಹುಣ್ಣು ಅಗಲವಾಗುತ್ತಲೇ ಹೋಯಿತು. ಕೊನೆಗೆ ನಂಜು ಮೈಗೇರಿತು.

*

ಮಧ್ಯಾಹ್ನ ಡಾಕ್ಟರಮ್ಮ ಬಂದರು. ಪರೀಕ್ಷೆ ಮುಗಿದು, ಲಕೋಟೆಯನ್ನು ಹಿಂದಿನ ದಿನವಷ್ಟೇ ಒಡೆದಿದ್ದರು.

"ನಿಮ್ಮ ಕೈಯದೇನೂ ತಪ್ಪಿಲ್ಲಮ್ಮ. ಹದಿನೇಳರಲ್ಲಿ ವಿಷವೇ ಇರಲಿಲ್ಲ."

ರಟ್ಟು ನಿಂತಿತು. "ಮತ್ತೆ ಆ ಉರಿ?"

ಬೀಗದವನು ಗೋಡೆ ನೋಡಿದ. "ನಾಟಕ, ಅತ್ತಿಗೆ. ಮೊದಲ ದಿನವೇ ಪಟ್ಟೀನ ನಾಲಿಗೆಗೆ ತಾಗಿಸಿ ನೋಡ್ದ. ವಿಷ ಕಹಿ ಇರುತ್ತಂತೆ, ಇದು ಸಪ್ಪೆ. 'ಇವಳಿಗೆ ಗೊತ್ತಾದ್ರೆ ಆಸ್ಪತ್ರೇಲಿ ರಂಪ ಮಾಡಿ ಪೊಟ್ಟಣ ಬದಲಾಯಿಸ್ತಾಳೆ. ಪರೀಕ್ಷೆ ಕೆಟ್ರೆ ಮುಂದೆ ಯಾರ ಕಾಲಿಗೂ ಈ ಔಷಧಿ ಸಿಗಲ್ಲ' ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ."

"ಏಳು ತಿಂಗಳು ನಾನು ಬೀಸಿದ್ದು?"

"ಗಾಳಿ ತಂಪಾಗಿದೆ ಅಂತಿದ್ದ."

"ಕಳ್ಳ! ನನ್ನ ಕೈ ಬಿದ್ದುಹೋಯ್ತಲ್ಲೋ!" ಅವಳು ರಟ್ಟಿನಿಂದ ಆ ಕಾಲಿಗೇ ಒಂದು ಬಾರಿಸಿದಳು.

"ಅಯ್ಯಯ್ಯೋ, ಉರಿ!" ಬೀಗದವನ ಬಾಯಿಂದ ಜಾರಿತು. ಥೇಟ್ ಸತ್ತವನದೇ ದನಿ.

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಅಕ್ಕನೂ ಮೂಗಿನಲ್ಲೇ ನಕ್ಕುಬಿಟ್ಟಳು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕವಳು ಹೆಂಡತಿ. ನಗುತ್ತಿರುವಾಗಲೇ ಅವಳ ಕೈ ತಾನಾಗಿಯೇ ಆ ಬೂಟಿಲ್ಲದ ಕಾಲಿಗೆ ಮತ್ತೆ ಗಾಳಿ ಬೀಸತೊಡಗಿತ್ತು.