ಸರ್ಕಾರಿ ಜಮಖಾನೆಯ ಮೇಲೊಂದು ಮದುವೆ

ತರೀಕೆರೆಯ ಮುಸಾಫರಿ ಬಂಗಲೆಯ ಹಜಾರದಲ್ಲಿ ನಿಂತು ಗಂಗಾಧರಯ್ಯನವರು ಒಮ್ಮೆ ಕೆಮ್ಮಿದರು. ಕೆಮ್ಮು ಗೋಡೆಗೆ ಬಡಿದು ಅವರಿಗೇ ವಾಪಸು ಬಂತು. ಕುರ್ಚಿಯಿಲ್ಲ, ಮೇಜಿಲ್ಲ, ನೆಲಕ್ಕೊಂದು ಚಾಪೆಯೂ ಇಲ್ಲ.

ಕಚೇರಿ, ಬಂಗಲೆಗಳಲ್ಲಿರುವ ಸರ್ಕಾರಿ ಸಾಮಾನನ್ನು ಕಣ್ಣಾರೆ ನೋಡಿ ವರದಿ ಬರೆಯಿರಿ ಎಂದು ಮೈಸೂರು ಸರ್ಕಾರದ ಲೆಕ್ಕದ ಇಲಾಖೆ ಅವರನ್ನು ಕಡೂರು ಜಿಲ್ಲೆಗೆ ಕಳಿಸಿತ್ತು. ಬರುವ ಸುದ್ದಿಯನ್ನು ಯಾರಿಗೂ ತಿಳಿಸಕೂಡದೆಂಬ ಅಪ್ಪಣೆಯೂ ಇತ್ತು.

"ಸಾಮಾನೆಲ್ಲ ಎಲ್ಲಿ ಸಾಬರೇ?"

ಬಂಗಲೆಯ ಕಾವಲುಗಾರ ಮಹಬೂಬ್ ಸಾಬ್ ಮುಚ್ಚುಮರೆ ಮಾಡಲಿಲ್ಲ. "ಚನ್ನಬಸಪ್ಪನೋರ ಮಗಳ ಮದುವೆಗೆ ಹೋಗವೆ ಸ್ವಾಮಿ. ಊರಲ್ಲಿ ಎಷ್ಟೋ ಮದುವೆಗೆ ಹಿಂಗೇ ಹೋಗ್ತವೆ."

"ಯಾರು ಕೊಟ್ಟಿದ್ದು?"

"ಅಮಲ್ದಾರ್ರು ಕೊಡು ಅಂದ್ರು, ಕೊಟ್ಟೆ. ನಾನು ಬೇಡ ಅನ್ನಕ್ಕಾಯ್ತದಾ?"

ಗಂಗಾಧರಯ್ಯನವರು ಸಿಟ್ಟಿನಿಂದ ಮದುವೆ ಮನೆಯತ್ತ ದಾಪುಗಾಲು ಹಾಕಿದರು. ಚಪ್ಪರದೊಳಗೆ ಕಾಲಿಟ್ಟಾಗ ಆ ಸಿಟ್ಟಿಗೆ ದಾರಿಯೇ ತೋಚಲಿಲ್ಲ. ಹುಡುಗ ಹುಡುಗಿ ಕುಳಿತಿದ್ದದ್ದು ಸರ್ಕಾರದ ಜಮಖಾನೆಯ ಮೇಲೆ, ವಾಲಗ ಮೊಳಗುತ್ತಿತ್ತು, ತಾಳಿ ಆಗಷ್ಟೇ ಎಲ್ಲರ ಕೈ ಮುಟ್ಟಿಸಿಕೊಂಡು ಬರುತ್ತಿತ್ತು. ಮುಂದಿನ ಸಾಲಿನ ಸರ್ಕಾರಿ ಕುರ್ಚಿಯಲ್ಲಿ ತಾಲ್ಲೂಕಿನ ಅಮಲ್ದಾರರು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು.

"ಬನ್ನಿ ರಾಯರೇ, ಕೂತ್ಕೊಳ್ಳಿ," ಎಂದು ಯಾರೋ ಕುರ್ಚಿ ಸರಿಸಿದರು.

"ನಿಂತಿರ್ತೀನಿ," ಎಂದರು ಗಂಗಾಧರಯ್ಯನವರು. ಜಮಖಾನೆ ಎಳೆದರೆ ಮುಹೂರ್ತ ಕೆಡುತ್ತದೆ, ಸುಮ್ಮನಿದ್ದರೆ ಕೆಲಸ ಕೆಡುತ್ತದೆ. ಮದುಮಗಳ ಮುಖ ನೋಡಿ ಅಕ್ಷತೆ ಬೀಳುವವರೆಗೆ ತಡೆದರು. ತಾವೂ ನಾಲ್ಕು ಕಾಳು ಹಾಕಿದರು. ಆಮೇಲೆ ಅಮಲ್ದಾರರನ್ನು ಚಪ್ಪರದ ಹೊರಗೆ ಕರೆದು ತಾವು ಯಾರೆಂದು ಹೇಳಿದರು.

ಅಮಲ್ದಾರರು ನಕ್ಕರು. "ಊರ ಸಾಮಾನು ಊರಿಗಾಯ್ತು. ಇದನ್ನೂ ಬರೀತೀರಾ?"

"ಬರೀತೀನಿ. ಮೊದಲನೇ ಹೆಸರು ತಮ್ಮದೇ."

ನಗು ಅಲ್ಲಿಗೇ ನಿಂತಿತು. ಪಾನಕ ಹಿಡಿದು ಬಂದಿದ್ದ ಹೆಣ್ಣಿನ ತಾಯಿ ಕಮಲಾಕ್ಷಮ್ಮನಿಗೆ ಎಲ್ಲವೂ ಕೇಳಿಸಿತ್ತು.

"ಒಸಿ ಕೇಳಿ ರಾಯರೇ," ಎಂದಳು ಆಕೆ. "ಬಾಡಿಗೆ ಕೊಡ್ತೀವಿ ಅಂತ ನಮ್ಮೆಜಮಾನ್ರು ಕಚೇರಿಗೇ ಹೋಗಿದ್ರು. ಕಟ್ಟಿಸ್ಕೊಳೋರೇ ಇಲ್ಲ. ದೊಡ್ಡೋರ ಗುರ್ತಿದ್ರೆ ಪುಕ್ಕಟೆ, ಇಲ್ದೋರಿಗೆ ಇಲ್ಲವೇ ಇಲ್ಲ. ನಮ್ಮ ಆಳಿನ ಮಗಳ ಮದುವೇಲಿ ಒಂದು ಕುರ್ಚಿನೂ ಸಿಗ್ನಿಲ್ಲ ಕಣ್ರೀ."

ಆ ಕೊನೆಯ ಮಾತು ಗಂಗಾಧರಯ್ಯನವರಿಗೆ ನಾಟಿತು. ಸಾಮಾನು ಕಾಣೆಯಾದದ್ದಕ್ಕಿಂತ ಇದು ದೊಡ್ಡ ತಪ್ಪು ಎನ್ನಿಸಿತು.

ವರದಿಯಲ್ಲಿ ಏನನ್ನೂ ಬಿಡದೆ ಬರೆದರು. ಕೊನೆಗೆ ಒಂದು ಸಲಹೆ ಸೇರಿಸಿದರು: ಬಾಡಿಗೆಯ ದರವನ್ನು ಬಂಗಲೆಯ ಬಾಗಿಲಲ್ಲೇ ಹಲಗೆಗೆ ಬರೆದು ಹಾಕಬೇಕು, ಯಾರು ಕೇಳಿದರೂ ಕೊಡಬೇಕು, ರಸೀದಿಯಿಲ್ಲದೆ ಒಂದು ಸ್ಟೂಲೂ ಹೊಸ್ತಿಲು ದಾಟಬಾರದು. ಮೊದಲ ರಸೀದಿ ಅಂದೇ, ಅಮಲ್ದಾರರ ಹೆಸರಿಗೇ ಆಯಿತು. ಕೊಡಿಸಿದವರು ಅವರೇ ಆದ್ದರಿಂದ ಹಣವನ್ನೂ ಅವರೇ ಕಟ್ಟಿದರು, ಮುಖ ಗಂಟಿಕ್ಕಿಕೊಂಡು. ಆ ಹಣ ತಾನೇ ಕಟ್ಟುತ್ತೇನೆಂದು ಹೆಣ್ಣಿನ ತಂದೆ ಚನ್ನಬಸಪ್ಪ ಎಷ್ಟು ಬೇಡಿಕೊಂಡರೂ ಗಂಗಾಧರಯ್ಯನವರು ಒಪ್ಪಲಿಲ್ಲ. ಊಟಕ್ಕೆ ಮಾತ್ರ ಒಪ್ಪಿ, ನೆಲದ ಮೇಲೆ ಎಲೆ ಹಾಕಿಸಿಕೊಂಡು ಹೋಳಿಗೆ ಹೊಡೆದರು.

ಮರುದಿನ ಬೀರೂರಿನಲ್ಲಿ ರೈಲು ಬದಲಿಸಿ ಅಜ್ಜಂಪುರದಲ್ಲಿ ಇಳಿದರು. ಸುದ್ದಿ ಅವರಿಗಿಂತ ಮೊದಲೇ ಇಳಿದಿತ್ತು. ಮೇಜು, ಕುರ್ಚಿ, ಹಂಡೆಗಳನ್ನು ಹೇರಿಕೊಂಡ ಗಾಡಿಯೊಂದು ಅಲ್ಲಿಯ ಬಂಗಲೆಯತ್ತ ಧೂಳೆಬ್ಬಿಸಿ ಓಡುತ್ತಿತ್ತು. ಗಂಗಾಧರಯ್ಯನವರು ಕೊಡೆ ಬಿಚ್ಚಿಕೊಂಡು, ಸುತ್ತುದಾರಿ ಹಿಡಿದು ನಿಧಾನವಾಗಿ ನಡೆದರು.