ಕನ್ಯಾದಾನದ ಹೊತ್ತಿನ ಗೊರಕೆ

ಭಂಡಿಗಡಿಯ ಸುಬ್ರಾಯರ ಗೊರಕೆ ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಮದುವೆಮನೆಗಳಲ್ಲಿ ಅವರು ಚಾಪೆ ಹಾಸಿದರೆ ಸಾಕು, ಅಕ್ಕಪಕ್ಕದವರು ದಿಂಬು ಎತ್ತಿಕೊಂಡು ಜಾಗ ಖಾಲಿ ಮಾಡುತ್ತಿದ್ದರು. ಊರಿಗೆಲ್ಲ ತಮಾಷೆ. ಸುಬ್ರಾಯರಿಗೋ, ಎಷ್ಟು ಮಲಗಿದರೂ ನಿದ್ದೆ ಮಾಡಿದ ಹಾಗೇ ಆಗುತ್ತಿರಲಿಲ್ಲ. ಹೊಳೆಯಲ್ಲಿ ಮುಳುಗಿದಂತೆ ಕನಸು ಬಿದ್ದು, ಉಸಿರು ಕಟ್ಟಿ ಎದ್ದು ಕೂರುವುದು, ಬೆಳಿಗ್ಗೆ ತಲೆಭಾರ. ಹಗಲೆಲ್ಲ ತೂಕಡಿಕೆ.

2006ರಲ್ಲಿ ಮಗಳು ಸಂಪದಾಳ ಮದುವೆ ಕೊಪ್ಪದ ಛತ್ರದಲ್ಲಿ. ಗಂಡಿನ ಕಡೆಯವರು ನರಸಿಂಹರಾಜಪುರದಿಂದ ಹಿಂದಿನ ದಿನವೇ ಬಂದಿಳಿದರು.

"ಬೀಗರ ಎದುರು ಮಾನ ಕಳೀಬೇಡಿ ಮಾರಾಯ್ರೆ," ಎಂದರು ಹೆಂಡತಿ ಪುಟ್ಟಕ್ಕ.

ಅಷ್ಟಕ್ಕೇ ಸುಬ್ರಾಯರು ರಾತ್ರಿಯಿಡೀ ಅಡುಗೆಯವರ ಜೊತೆ ತೆಂಗಿನಕಾಯಿ ತುರಿಯುತ್ತಾ ಕೂತುಬಿಟ್ಟರು. ದೊಡ್ಡ ಬುದ್ಧಿವಂತಿಕೆ ಅಂದುಕೊಂಡಿದ್ದರು, ಪಾಪ.

ಮರುದಿನ ಕನ್ಯಾದಾನದ ಸಂಕಲ್ಪ. ಬೆಳಿಗ್ಗೆಯಿಂದ ಉಪವಾಸ, ಮಂತ್ರದ ಏರಿಳಿತ ಬೇರೆ. ಸುಬ್ರಾಯರ ತಲೆ ಮೆಲ್ಲಗೆ ಪುರೋಹಿತರ ಮೈಕಿನ ಕಡೆ ವಾಲಿತು. ಆಮೇಲೆ ಸ್ಪೀಕರುಗಳಲ್ಲಿ ಬಂದದ್ದು ಮಂತ್ರವಲ್ಲ. ಎಲೆ ಹಾಕುತ್ತಿದ್ದವರೂ ಊಟದ ಮನೆಯಿಂದ ಓಡಿ ಬಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಸಂಪದಾ ಅಪ್ಪನ ತೋಳಿಗೆ ಉಗುರು ಊರಿ ಎಬ್ಬಿಸಿದಳು. ಆಮೇಲೆ ಅವಳು ತಲೆ ಎತ್ತಲೇ ಇಲ್ಲ.

ಊಟ ಮುಗಿದು ಹೆಣ್ಣು ಒಪ್ಪಿಸುವ ಹೊತ್ತಿಗೆ ಸುಬ್ರಾಯರೇ ನಾಪತ್ತೆ. ಅಪ್ಪ ಅಮ್ಮ ಕೈ ಹಿಡಿದು ಒಪ್ಪಿಸದೆ ಮಗಳು ವ್ಯಾನು ಹತ್ತುವ ಹಾಗಿಲ್ಲ. ಅವರು ಉಗ್ರಾಣದಲ್ಲಿ ಅಕ್ಕಿಮೂಟೆಗಳ ಹಿಂದೆ ಕೂತಿದ್ದರು. ಪುಟ್ಟಕ್ಕ ಹುಡುಕಿಕೊಂಡು ಬಂದರು, ಅವರ ಹಿಂದೆ ವರನ ತಾಯಿ ಸುಬ್ಬಮ್ಮ.

"ತಪ್ಪಾಯ್ತು," ಎಂದು ಸುಬ್ರಾಯರು ನೆಲ ನೋಡಿದರು. "ನನ್ನಿಂದ ನಿಮ್ಮ ಮಾನವೂ ಹೋಯ್ತು."

"ಎಂತ ಮಾನ," ಎಂದರು ಸುಬ್ಬಮ್ಮ. "ನಮ್ಮ ಅಭಿಷೇಕಂದೂ ಇದೇ ಕತೆ. ಉಸಿರು ಕಟ್ಟಿ ಎದ್ದು ಕೂರ್ತಾನೆ. ಹೇಳಿದ್ರೆ ಎಲ್ಲಿ ಸಂಬಂಧ ತಪ್ಪಿ ಹೋಗ್ತದೋ ಅಂತ ನಾವೂ ಬಾಯಿ ಬಿಡ್ಲಿಲ್ಲ. ಬನ್ನಿ."

ಸುಬ್ರಾಯರಿಗೆ ಎದೆಯ ಭಾರ ಇಳಿದಂತಾಯಿತು. ಇನ್ನು ಬೀಗರ ಎದುರು ತಲೆ ಎತ್ತಿ ಓಡಾಡಬಹುದು. ನಗುತ್ತಲೇ ಹೆಂಡತಿಯ ಕಡೆ ತಿರುಗಿದರು. ಪುಟ್ಟಕ್ಕ ನಗುತ್ತಿರಲಿಲ್ಲ.

"ಹಾಗಾದ್ರೆ ನಮ್ಮ ಕೂಸಿಗೂ ಇನ್ನು ನಿದ್ದೆ ಇಲ್ಲ," ಎಂದರು.

ಪುಟ್ಟಕ್ಕನ ಕಣ್ಣಿನ ಕೆಳಗಿನ ಕಪ್ಪು ಸುಬ್ರಾಯರಿಗೆ ಕಂಡದ್ದು ಆಗಲೇ. ತಮ್ಮ ಉಸಿರು ನಿಂತಾಗಲೆಲ್ಲ ಬೆನ್ನು ತಟ್ಟಿ ಎಬ್ಬಿಸಿದವರು ಯಾರು? ಬೆಳಿಗ್ಗೆ ತಾವು ಕುರ್ಚಿಯಲ್ಲಿ ತೂಕಡಿಸುವಾಗ ಒಲೆಯ ಮುಂದೆ ನಿಂತವರು ಯಾರು? ನಿನಗೆ ನಿದ್ದೆ ಆಯ್ತಾ ಎಂದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಸುಬ್ರಾಯರಿಗೆ ಮುಖ ಎತ್ತಲಾಗಲಿಲ್ಲ. ಸಭೆಯ ಎದುರು ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ.

ಮಂಟಪಕ್ಕೆ ಬಂದು ಮಗಳ ಕೈಯನ್ನು ಸುಬ್ಬಮ್ಮನ ಕೈಯಲ್ಲಿಟ್ಟರು. ಆದರೆ ಬಿಡಲಿಲ್ಲ.

"ಅಭಿಷೇಕ, ಮುಂದಿನ ವಾರ ನಾವಿಬ್ರೂ ಶಿವಮೊಗ್ಗಕ್ಕೆ ಹೋಗುವ. ಗೊರಕೆಗೂ ಡಾಕ್ಟರಿದ್ದಾರಂತೆ."

ಹೆಂಗಸರು ಮುಸಿಮುಸಿ ನಕ್ಕರು. ಅಳಿಯನ ಕಿವಿ ಕೆಂಪಾಯಿತು. ಅವನು ಹೂಂ ಅನ್ನುವವರೆಗೂ ಸುಬ್ರಾಯರು ಮಗಳ ಕೈ ಹಿಡಿದೇ ನಿಂತಿದ್ದರು.