ಏಳರ ಮಗ್ಗಿ

“ನಿನ್ನ ಮಗಳು ಹೆರೋದಕ್ಕೆ ನಾನೇನು ಬಿಸಿನೀರು ಕಾಯಿಸ್ಬೇಕಾ? ಒಗೆಯೋರ ಮನೇಲಿ ಇದುವರೆಗೂ ಯಾರೂ ಹೆತ್ತೇ ಇಲ್ವಾ? ನಿಲ್ಲು, ಫೋನ್ ಬಂತು.”

ಸೂಪರ್‌ವೈಸರ್ ಫೋನನ್ನು ಕಿವಿಗೆ ಅಂಟಿಸಿಕೊಂಡು, ಎಡಗೈಯ ತೋರುಬೆರಳನ್ನು ಗಂಜಿಯಕ್ಕನ ಮೂಗಿನ ನೇರಕ್ಕೆ ಎತ್ತಿ ಹಿಡಿದ. ಅವಳ ಬಾಯಿಗೆ ಬಂದಿದ್ದ ಮಾತು ಹಲ್ಲಿನ ಹಿಂದೆಯೇ ನಿಂತಿತು.

ಆ ಬೆರಳಿಗೆ ‘ಒಂದು ನಿಮಿಷ’ ಎಂದು ಅರ್ಥ. ಆದ್ದರಿಂದಲೇ ಇಡೀ ಲಾಂಡ್ರಿಯಲ್ಲಿ ಅವನಿಗೆ ಒಂದ್ನಿಮಿಷ ಎಂದೇ ಹೆಸರು ಬಿದ್ದಿತ್ತು. ಬೆರಳು ಎದ್ದ ಮೇಲೆ ಎದುರಿಗಿದ್ದವರು ಅದು ಇಳಿಯುವ ತನಕ ಕಾಯಬೇಕು. ಬೇಜಾರಾಗಿ ಹೊರಟುಬಿಟ್ಟರೆ ಕೊಬ್ಬು, ನಿಂತೇ ಇದ್ದರೆ ಮೈಗಳ್ಳತನ. ಹಬೆಯ ಪೈಪು ಸೋರುತ್ತಿದೆ ಎಂದು ಹೇಳಲು ಹೋಗಿದ್ದ ಬಾಯ್ಲರ್ ಬಾವ ಹಾಗೆಯೇ ಕಾದು ಕಾದು, ಬೆರಳು ಇಳಿಯದೆ, ವಾಪಸು ಬಂದು ಅದೇ ಪೈಪಿನ ಕೆಳಗೆ ಮೊಣಕೈವರೆಗೂ ಕೈ ಬೇಯಿಸಿಕೊಂಡಿದ್ದ. ಆಗ ಒಂದ್ನಿಮಿಷ ಕೇಳಿದ್ದು ಒಂದೇ ಪ್ರಶ್ನೆ: “ಮೊದ್ಲೇ ಯಾಕೋ ಬೊಗಳ್ಲಿಲ್ಲ?”

ಲಾಂಡ್ರಿಯ ಗದ್ದಲದ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಯಾರೂ ನಂಬುವುದಿಲ್ಲ. ದೊಡ್ಡ ಹೋಟೆಲುಗಳ, ಆಸ್ಪತ್ರೆಗಳ ಬೆಡ್‌ಶೀಟುಗಳೆಲ್ಲ ಬರುವ ಜಾಗ ಅದು. ಕೋಣೆಯಷ್ಟು ದೊಡ್ಡ ಡ್ರಮ್ಮುಗಳು ತಿರುಗುತ್ತವೆ, ಹಿಂಡುವ ಯಂತ್ರ ನೆಲವನ್ನೇ ನಡುಗಿಸುತ್ತದೆ, ಬಾಯ್ಲರ್ ಬುಸುಗುಡುತ್ತದೆ. ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಹಾಗಾಗಿ ಅಲ್ಲಿಯವರು ಕಣ್ಣಿನಲ್ಲಿ ಕೇಳಿಸಿಕೊಳ್ಳುವುದನ್ನು ಕಲಿತಿದ್ದರು. ದನಿ ಬೇಡ, ತುಟಿ ಆಡಿಸಿದರೆ ಸಾಕು. ಜಗಳ, ಚಾಡಿ, ಕಷ್ಟಸುಖ ಎಲ್ಲವೂ ಆ ತುದಿಯಿಂದ ಈ ತುದಿಗೆ ಸದ್ದಿಲ್ಲದೆ ಓಡಾಡುತ್ತಿದ್ದವು. ಗಂಜಿಯಕ್ಕ ಬಟ್ಟೆಗೆ ಗಂಜಿ ಹಾಕುತ್ತ, ಮಡಚುತ್ತ ಅಲ್ಲೇ ತಲೆ ನರೆಸಿಕೊಂಡವಳು. ಮನೆಗೆ ಹೋದ ಮೇಲೂ ಎಷ್ಟೋ ಸಲ ಮರೆತು ಬರೀ ತುಟಿಯಲ್ಲೇ ಮಾತಾಡಿಬಿಡುತ್ತಿದ್ದಳು. “ಅಮ್ಮಾ, ಸೌಂಡ್ ಹಾಕು!” ಎಂದು ಮಗಳು ರೇಗಿಸುತ್ತಿದ್ದಳು.

ಈ ಮಾತಿಗೆ ಇದ್ದ ಮರ್ಯಾದೆ ಒಂದೇ. ಎದುರಿನವರ ತುಟಿ ಆಡುತ್ತಿರುವಾಗ ಅವರ ಮುಖದಿಂದ ಕಣ್ಣು ಕೀಳಬಾರದು. ಕಿತ್ತರೆ ಅವರ ಬಾಯಿ ಮುಚ್ಚಿಸಿದ ಹಾಗೆ. ಕೆನ್ನೆಗೆ ಹೊಡೆದರೂ ಕ್ಷಮಿಸುತ್ತಿದ್ದರು, ಇದನ್ನು ಕ್ಷಮಿಸುತ್ತಿರಲಿಲ್ಲ.

ಒಂದ್ನಿಮಿಷನಿಗೂ ಮರ್ಯಾದೆಯ ಚಿಂತೆ ಇರಲಿಲ್ಲ ಎನ್ನುವಂತಿಲ್ಲ. ಅವನ ಗಾಜಿನ ಕ್ಯಾಬಿನ್ನಿನ ಬಾಗಿಲಿಗೆ ಒಂದು ಬೋರ್ಡು ತೂಗುತ್ತಿತ್ತು: ‘ಎದುರಿಗಿರುವವರನ್ನು ಗೌರವಿಸಿ. ಕೆಲಸದ ವೇಳೆ ಫೋನ್ ಬಳಸುವುದು ಅಸಭ್ಯತೆ.’ ಅದು ಆಳುಗಳಿಗೆ. ಬೆಳಿಗ್ಗೆ ಒಳಗೆ ಬರುವಾಗ ಎಲ್ಲರ ಫೋನುಗಳೂ ಗೇಟಿನ ತಾತನ ಬಳಿ ಇದ್ದ ತಗಡಿನ ಪೆಟ್ಟಿಗೆಗೆ ಬೀಳಬೇಕು. ಪೆಟ್ಟಿಗೆಗೆ ಬೀಗ. ಬೀಗದ ಕೈ ಒಂದ್ನಿಮಿಷನ ಸೊಂಟದಲ್ಲಿ.

ಹೋದ ಸಲ ಮಗಳಿಗೆ ನೋವು ಬಂದಾಗ ಗಂಜಿಯಕ್ಕನ ಫೋನು ಆ ಪೆಟ್ಟಿಗೆಯೊಳಗೆ ದಿನವಿಡೀ ಬಡಿದುಕೊಂಡಿತ್ತು. ಅವಳು ಒಳಗೆ ಹೋಟೆಲಿನವರ ದಿಂಬಿನ ಚೀಲಗಳಿಗೆ ಗಂಜಿ ಹಾಕುತ್ತಿದ್ದಳು. ಸಂಜೆ ಪೆಟ್ಟಿಗೆ ತೆರೆದಾಗ ಮಗು ಹುಟ್ಟಿಯೂ ಆಗಿತ್ತು, ಮಣ್ಣೂ ಆಗಿತ್ತು. ಈ ಸಲ ಮತ್ತೆ ದಿನ ತುಂಬಿ, ಬೆಳಗಿನ ಜಾವದಿಂದ ಮಗಳು ಆಸ್ಪತ್ರೆಯಲ್ಲಿದ್ದಳು. ರಜೆ ಕೇಳಲು ನಿನ್ನೆ ಹೋದಾಗಲೂ ಬೆರಳು, ಮೊನ್ನೆ ಹೋದಾಗಲೂ ಬೆರಳು. ಇವತ್ತು ಅವಳು ರಜೆಯನ್ನೂ ಕೇಳಿರಲಿಲ್ಲ. ಫೋನೊಂದು ಸೆರಗಿನಲ್ಲಿ ಇರಲಿ ಸಾರ್, ಇಲ್ಲಾಂದ್ರೆ ಫೋನು ಕೂಗಿದ್ರೆ ತಾತ ಬಂದು ಹೇಳ್ಲಿ, ಅಷ್ಟೇ ಎಂದಿದ್ದಳು.

ಈಗ ಬೆರಳಿನ ಮುಂದೆ ನಿಂತು, ಅಭ್ಯಾಸಬಲದಿಂದ ಅವನ ತುಟಿಗಳನ್ನೇ ನೋಡುತ್ತಿದ್ದಳು. ಗದ್ದಲ ಗಾಜನ್ನು ದಾಟಿ ಒಳಗೂ ಬರುತ್ತಿತ್ತು. ಅವನು ಫೋನಿನಲ್ಲಿ ಮೆಲ್ಲಗೆ ಗೊಣಗುತ್ತಿದ್ದುದು ಯಾರಿಗೂ ಕೇಳಿಸುವಂತಿರಲಿಲ್ಲ. ಆದರೆ ಕಾಣಿಸುತ್ತಿತ್ತು.

ಏಳ್ಮೂರ್ಲೆ ಇಪ್ಪತ್ತೊಂದು. ಏಳ್ನಾಕ್ಲೆ ಇಪ್ಪತ್ತೆಂಟು.

ಏನೋ ದೊಡ್ಡವರ ಲೆಕ್ಕಾಚಾರ ಇರಬೇಕು, ನಡುವೆ ಬಾಯಿ ಹಾಕಬಾರದು ಎಂದುಕೊಂಡಳು. ಅವನು ಹುಬ್ಬು ಗಂಟಿಕ್ಕಿ, “ಹೂಂ ಸಾರ್, ಹೂಂ ಸಾರ್” ಎಂದು ಅಷ್ಟನ್ನು ಮಾತ್ರ ಜೋರಾಗಿ ಹೇಳಿದ. ಮತ್ತೆ ದನಿ ತಗ್ಗಿಸಿದ. ಏಳೊಂಬತ್ಲೆ ಅರವತ್ಮೂರು. ಏಳ್ಹತ್ಲೆ ಎಪ್ಪತ್ತು. ಹೂಂ ಸಾರ್. ಏಳೊಂದ್ಲೆ ಏಳು.

ಗಂಜಿಯಕ್ಕನ ಹೊಟ್ಟೆಯೊಳಗೆ ಏನೋ ಪುಸಕ್ಕೆಂದಿತು. ಏಳರ ಮಗ್ಗಿ ಬಾರದೆ ಮಗಳು ಚಿಕ್ಕಂದಿನಲ್ಲಿ ಅತ್ತದ್ದಕ್ಕೆ ಲೆಕ್ಕವಿಲ್ಲ. ಅದನ್ನು ಬಾಯಿಪಾಠ ಮಾಡಿಸಿ ಮಾಡಿಸಿ ಅವಳ ತುಟಿಯೂ ಸವೆದಿತ್ತು. ಆ ಕಡೆ ಯಾರೂ ಇಲ್ಲ. ಯಾವತ್ತೂ ಯಾರೂ ಇರಲಿಲ್ಲ. ಇಷ್ಟು ವರ್ಷ ಒಂದು ಊರಿನಷ್ಟು ಜನ ಒದ್ದೆ ಕೈ ಜೋಡಿಸಿಕೊಂಡು ಕಾದಿದ್ದು ಇವನ ಮಗ್ಗಿ ಮುಗಿಯಲಿ ಅಂತ. ಉಕ್ಕಿ ಬಂದ ನಗೆಯನ್ನು ಒತ್ತಿ ಹಿಡಿದರೆ ಅದು ಬಿಕ್ಕಳಿಕೆಯಾಗಿ ಹೊರಬಿತ್ತು.

“ಏನೇ ಅದು?” ಎಂದ ಒಂದ್ನಿಮಿಷ, ಫೋನನ್ನು ಅಂಗೈಯಲ್ಲಿ ಮುಚ್ಚಿ.

“ಬಿಕ್ಕಳಿಕೆ ಸಾರ್.”

“ಬಿಕ್ಕಳಿಕೆ ಬಂದ್ರೆ ನೀರು ಕುಡಿ, ನನ್ನ ಪ್ರಾಣ ಕುಡೀಬೇಡ. ಫೋನೂ ಇಲ್ಲ ಗೀನೂ ಇಲ್ಲ. ಹೋಟೆಲಿನ ಮಾಲು ಲಾರಿ ಹತ್ತೋವರೆಗೂ ಒಬ್ಬರೂ ಗೇಟ್ ದಾಟೋ ಹಾಗಿಲ್ಲ. ಯಜಮಾನ್ರೇ ಬರ್ತಿದ್ದಾರೆ ನೋಡೋಕೆ. ಹೋಗು, ಹೋಗು!”

ಬೆಡ್‌ಶೀಟು ಮಡಚುವುದು ಇಬ್ಬರ ಕೆಲಸ. ಆಚೆ ಒಬ್ಬರು, ಈಚೆ ಒಬ್ಬರು ಎರಡೆರಡು ಮೂಲೆ ಹಿಡಿದು ಹಿಂದಕ್ಕೆ ಎಳೆದು ಕೊಡವುತ್ತಾರೆ, ಮುಂದೆ ಬಂದು ಮೂಲೆ ಕೂಡಿಸುತ್ತಾರೆ. ಗಂಜಿಯಕ್ಕನ ಜೊತೆಗಾತಿ ಕುಳ್ಳಿ. ಇವಳು ಉದ್ದ, ಅವಳು ಗಿಡ್ಡ. ಶೀಟು ಯಾವಾಗಲೂ ಜಾರುಬಂಡೆಯ ಹಾಗೆ ಓರೆಯಾಗಿರುತ್ತಿತ್ತು.

“ಏನಂದ?” ಎಂದವು ಕುಳ್ಳಿಯ ತುಟಿಗಳು.

“ಮಗ್ಗಿ ಹೇಳ್ದ.”

ಶೀಟು ಹಿಂದಕ್ಕೆ ಹೋಯಿತು, ಕೊಡವಿಕೊಂಡಿತು, ಮುಂದೆ ಬಂತು.

“ಏನ್ ಹೇಳ್ದ?”

“ಏಳರ ಮಗ್ಗಿ ಕಣೇ. ಫೋನಲ್ಲಿ ಯಾರೂ ಇಲ್ಲ. ಬರೀ ನಾಟಕ.”

ಕುಳ್ಳಿಯ ಕೈಯಿಂದ ಎರಡೂ ಮೂಲೆ ಜಾರಿದವು. ಹೋಟೆಲಿನ ಬಿಳಿ ಶೀಟು ನೆಲದ ಮೇಲೆ ಮಲಗಿತು, ಅದರ ಮೇಲೆ ಕುಳ್ಳಿ ಕುಳಿತುಬಿಟ್ಟಳು. “ಬೋಳಿಮಗ! ನನ್ನ ಗಂಡ ಬಿದ್ದು ಕಾಲು ಮುರ್ಕೊಂಡ ದಿನ ನನ್ನ ಅಷ್ಟೊತ್ತು ನಿಲ್ಲಿಸಿದ್ನಲ್ಲೇ! ಅವತ್ತು ಇಪ್ಪತ್ತರ ಮಗ್ಗಿವರೆಗೂ ಹೋಗಿರ್ತಾನೆ ನನ್ಮಗ!”

ಸುದ್ದಿ ತುಟಿಯಿಂದ ತುಟಿಗೆ ಹಾರಿತು. ಕಲೆ ತೆಗೆಯುವವರು ಸೋಪಿನ ಬಾರು ಕೈಯಲ್ಲಿ ಹಿಡಿದೇ ಬಗ್ಗಿ ಬಗ್ಗಿ ನಕ್ಕರು. ಇಸ್ತ್ರಿಯವನು ಗೋಡೆಗೆ ಹಣೆ ಹಚ್ಚಿ ಭುಜ ಕುಣಿಸಿದ. ಒಂದು ಹನಿ ಸದ್ದಿಲ್ಲ. ಯಂತ್ರಗಳ ಅಬ್ಬರದ ನಡುವೆ ಇಡೀ ಲಾಂಡ್ರಿಯೇ ಹೊಟ್ಟೆ ಹಿಡಿದುಕೊಂಡು ಅಲ್ಲಾಡುತ್ತಿತ್ತು. ಒಂದ್ನಿಮಿಷ ಗಾಜಿನ ಒಳಗಿಂದ ನೋಡಿ, ಎಲ್ಲರೂ ಚುರುಕಾಗಿ ಕೆಲಸ ಮಾಡುತ್ತಿದ್ದಾರೆಂದು ತೃಪ್ತನಾದ.

ಕುಳ್ಳಿ ಒಂದು ಸೋಪಿನ ಬಾರನ್ನು ಕಿವಿಗಿಟ್ಟು ಗಂಜಿಯಕ್ಕನಿಗೆ ಬೆರಳು ಎತ್ತಿ ತೋರಿಸಿದಳು. “ಒಂದ್ನಿಮಿಷ. ನಾನು ಹೋಟೆಲಿನ ರಾಣಿ ಹತ್ರ ಮಾತಾಡ್ತಿದೀನಿ.”

“ನಂಗೂ ಒಂದು ಕನೆಕ್ಷನ್ ಕೊಡ್ರೇ,” ಎಂದು ಬಾಯ್ಲರ್ ಬಾವ ಬೆಂದ ಕೈಯನ್ನೇ ಚಾಚಿದ. “ಯಜಮಾನ್ರು ಬರ್ಲಿ. ನಾವೂ ಎಲ್ಲಾರೂ ಫೋನಲ್ಲಿ ಇರೋಣ. ತುಂಬ ಅರ್ಜೆಂಟ್ ಕಾಲು.”

ಗಂಜಿಯಕ್ಕನ ನಗು ಅರ್ಧಕ್ಕೇ ನಿಂತಿತು. ಅವಳ ಕಣ್ಣು ಗೇಟಿನ ಕಡೆಗಿತ್ತು. ಅಲ್ಲಿ ಫೋನು ಕೂಗುತ್ತಿರಬಹುದು, ಕೂಗಿ ಕೂಗಿ ಸುಸ್ತಾಗಿರಬಹುದು. ಇಲ್ಲಿಂದ ಏನೂ ಗೊತ್ತಾಗುವಂತಿಲ್ಲ.

“ಬೇಡ ಕಣ್ರೋ,” ಎಂದಳು. “ಕೆಲಸ ಹೋದ್ರೆ?”

ಕುಳ್ಳಿ ಸೋಪನ್ನು ಕಿವಿಯಿಂದ ಇಳಿಸಿ ಅವಳ ಮುಖವನ್ನೇ ನೋಡಿದಳು. “ಹೋದ್ಸಲ ನೀನು ಬಾಯಿ ಮುಚ್ಕೊಂಡಿದ್ದೆ. ಏನು ಉಳೀತಕ್ಕಾ?”

ಗಂಜಿಯಕ್ಕ ಶೀಟಿನ ಮೂಲೆಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ಕಲೆ ತೆಗೆಯುವ ಮೇಜಿನ ಬಳಿ ಹೋಗಿ ಎಲ್ಲಕ್ಕಿಂತ ದೊಡ್ಡ ಸೋಪಿನ ಬಾರನ್ನು ಆರಿಸಿಕೊಂಡಳು.

ಮಧ್ಯಾಹ್ನ ಯಜಮಾನರು ಬಂದರು. ಹೊಳೆಯುವ ಷೂ ಒದ್ದೆಯಾಗದಂತೆ ತುದಿಗಾಲಲ್ಲಿ ನಡೆಯುತ್ತಿದ್ದರು. ಒಂದ್ನಿಮಿಷ ಅವರ ಪಕ್ಕದಲ್ಲಿ ನೀರಿನ ಗುಂಡಿಗಳನ್ನು ತೋರಿಸುತ್ತ, ಅವರಿಗಿಂತ ಹೆಚ್ಚು ತುದಿಗಾಲಲ್ಲಿದ್ದ. ಮಡಚುವ ಮೇಜಿನ ಮುಂದೆ ನಿಂತು ಅವನು ಕಿರುಚಿದ: “ಏಯ್, ಯಜಮಾನ್ರು ಕೇಳ್ತಿದ್ದಾರೆ! ಮಾಲು ಎಷ್ಟೊತ್ತಿಗೆ ರೆಡಿ ಆಗತ್ತೆ?”

ಗಂಜಿಯಕ್ಕ ಅವನ ಮುಖವನ್ನು ನೋಡಿದಳು. ಸೋಪನ್ನು ಕಿವಿಗಿಟ್ಟಳು. ಬೆರಳು ಎತ್ತಿದಳು. ಕೈ ನಡುಗುತ್ತಿತ್ತು.

“ಏನೇ ಇದು? ತಲೆ ಕೆಟ್ಟಿದ್ಯಾ? ಕುಳ್ಳಿ, ನೀನ್ ಹೇಳೇ!”

ಕುಳ್ಳಿಯೂ ಸೋಪು, ಬೆರಳು. ಅವನು ಆ ಕಡೆ ತಿರುಗಿದ. ಇಸ್ತ್ರಿಯವನು ತಣ್ಣಗಿದ್ದ ಇಸ್ತ್ರಿಪೆಟ್ಟಿಗೆಯನ್ನೇ ಎರಡೂ ಕೈಯಲ್ಲಿ ಕಿವಿಗೆ ಹಿಡಿದಿದ್ದ. ಬೆರಳೆತ್ತಲು ಕೈ ಸಾಲದೆ ಕಾಲಿನ ಹೆಬ್ಬೆರಳನ್ನು ಎತ್ತಿದ್ದ. ಒಬ್ಬಳ ಕಿವಿಗೆ ಬ್ರಷ್ಷು, ಇನ್ನೊಬ್ಬಳ ಕಿವಿಗೆ ಚಪ್ಪಲಿ. ಡ್ರಮ್ಮಿನಿಂದ ಬಾಯ್ಲರಿನವರೆಗೆ ನೆಟ್ಟನೆ ಬೆರಳುಗಳು.

ಬಾಯ್ಲರ್ ಬಾವ ದೊಡ್ಡ ಸ್ವಿಚ್ಚಿಗೆ ಕೈ ಹಾಕಿದ.

ಡ್ರಮ್ಮುಗಳು ತೂಕಡಿಸಿದವು, ಹಿಂಡುವ ಯಂತ್ರ ಕೊನೆಯದಾಗಿ ಒಮ್ಮೆ ನಡುಗಿ ನಿಂತಿತು. ಹಗಲಿನಲ್ಲಿ ಅಂಥ ನಿಶ್ಶಬ್ದವನ್ನು ಆ ಗೋಡೆಗಳು ಕೇಳಿರಲೇ ಇಲ್ಲ. ಆ ನಿಶ್ಶಬ್ದದೊಳಗೆ, ತುಟಿ ಬಿಟ್ಟು ಗಂಟಲಿನಿಂದ, ಕುಳ್ಳಿ ಶುರುಮಾಡಿದಳು.

“ಏಳೊಂದ್ಲೆ ಏಳು!”

“ಏಳೆರಡ್ಲೆ ಹದಿನಾಲ್ಕು!” ಎಂದಿತು ಲಾಂಡ್ರಿ. “ಹೂಂ ಸಾರ್!”

“ಏಳ್ಮೂರ್ಲೆ ಇಪ್ಪತ್ತೊಂದು! ಹೂಂ ಸಾರ್!”

ಒಂದ್ನಿಮಿಷನ ಮುಖ ಒಗೆದ ಶೀಟಿನ ಹಾಗಾಯಿತು. ಅವನಿಗೆ ಎಲ್ಲ ಅರ್ಥವಾಗಿತ್ತು.

“ಏನ್ರೀ ಇದು?” ಎಂದರು ಯಜಮಾನರು.

“ಸಾರ್, ಈ ನಾಯಿಗಳಿಗೆ… ಸಾರ್, ನಾನು ಹೇಳ್ತೀನಿ ಕೇಳಿ…”

ಅಷ್ಟರಲ್ಲಿ ಯಜಮಾನರ ಜೇಬಿನಲ್ಲಿ ಫೋನು ಗುರುಗುಟ್ಟಿತು. ಅವರು ಅದನ್ನು ತೆಗೆದು ಕಿವಿಗಿಟ್ಟುಕೊಂಡು, ಒಂದ್ನಿಮಿಷನ ಮೂಗಿನ ನೇರಕ್ಕೆ ಬೆರಳು ಎತ್ತಿದರು.

ಒಂದ್ನಿಮಿಷ ಬಾಯಿ ತೆರೆದವನು ತೆರೆದಂತೆಯೇ ನಿಂತ.

ಆಗ ಎದ್ದ ನಗೆಗೆ ಮಾಡಿನ ತಗಡುಗಳು ಕಂಪಿಸಿದವು. ಕುಳ್ಳಿ ಮೇಜಿನ ಕೆಳಗೆ ಉರುಳಿದಳು. ಇಸ್ತ್ರಿಯವನು ಒಂಟಿಕಾಲಿನಲ್ಲಿ ತಾಳಲಾರದೆ ಶೀಟುಗಳ ರಾಶಿಯ ಮೇಲೆ ಬಿದ್ದ. ಇಷ್ಟು ವರ್ಷ ಒಬ್ಬರ ನಗೆಯನ್ನು ಒಬ್ಬರು ನೋಡಿದ್ದರೇ ಹೊರತು ಕೇಳಿರಲಿಲ್ಲ. “ನಿನ್ನ ನಗು ಕೋಣದ ಹಾಗಿದ್ಯಲ್ಲೋ ಬಾವ!” ಎಂದು ಯಾರೋ ಕೂಗಿದರು, ಅದಕ್ಕೆ ಇನ್ನಷ್ಟು ನಕ್ಕರು.

ಆ ನಗೆ ಇಳಿಯುತ್ತಿರುವಾಗ ಕೋಳಿ ಕೂಗಿತು.

ಗೇಟಿನ ಕಡೆಯಿಂದ, ತಗಡಿನೊಳಗಿಂದ, ಮಟಮಟ ಮಧ್ಯಾಹ್ನ ಒಂದು ಹುಂಜ. ಗಂಜಿಯಕ್ಕನ ಕೈಯಿಂದ ಸೋಪು ಬಿತ್ತು. “ನಂದು,” ಎಂದಳು. ದನಿ ಬರಲಿಲ್ಲ, ಎಲ್ಲರಿಗೂ ಕಂಡಿತು. ಕರೆ ಬಂದರೆ ಕೋಳಿ ಕೂಗುವಂತೆ ಮಾಡಿಕೊಟ್ಟವಳು ಮಗಳೇ.

ಕೋಳಿ ಕೂಗುತ್ತಲೇ ಹತ್ತಿರ ಬಂತು. ಗೇಟಿನ ತಾತ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಾಗಿಲಲ್ಲಿ ನಿಂತಿದ್ದ. “ಬೆಳಿಗ್ಗೆಯಿಂದ ಬಡ್ಕೊಳ್ತಾ ಇದೆ ಕಣಮ್ಮಾ. ಬೀಗ ತೆಗೆಯೋ ಅಧಿಕಾರ ನಂಗಿಲ್ಲ. ಹೊರೋ ಅಧಿಕಾರ ಇದ್ಯಲ್ಲ, ಹೊತ್ಕೊಂಡು ಬಂದೆ.”

“ಪೆಟ್ಟಿಗೆ ಮುಟ್ಟಿದ್ರೆ ಒಬ್ಬೊಬ್ಬರನ್ನೂ…” ಎಂದು ಒಂದ್ನಿಮಿಷ ಸೊಂಟದ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಾಯ್ಲರ್ ಬಾವ ಅವನ ಸೊಂಟದ ಕಡೆ ನೋಡಲೂ ಇಲ್ಲ. ಸ್ಪ್ಯಾನರಿನಿಂದ ಬೀಗಕ್ಕೆ ಒಂದೇ ಏಟು ಕೊಟ್ಟ. ಮುಚ್ಚಳ ಹಾರಿತು. ಹುಂಜ ಸ್ಪಷ್ಟವಾಗಿ, ಸಂತೋಷವಾಗಿ ಕೂಗಿತು.

ಗಂಜಿಯಕ್ಕ ಫೋನೆತ್ತಿದಳು. ತುಟಿ ಆಡಿಸಿದಳು. ಮತ್ತೆ ಮತ್ತೆ ಆಡಿಸಿದಳು.

“ಅಮ್ಮಾ?” ಎಂದಿತು ಫೋನು. ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು. ಸೋತ ದನಿ, ಆದರೆ ಅವಳದೇ. “ಅಮ್ಮಾ, ಸೌಂಡ್ ಹಾಕು!”

ಅದರ ಹಿಂದೆಯೇ ಇನ್ನೊಂದು ದನಿ, ಹೊಸದು, ಸಿಟ್ಟಿನದು, ಯಾರಿಗೂ ಕಾಯುವ ಅಭ್ಯಾಸವಿಲ್ಲದ್ದು, ಅರಚಿತು.

ಮಗಳು ಹೇಳಿದ್ದನ್ನೆಲ್ಲ ಗಂಜಿಯಕ್ಕ ಸದ್ದಿಲ್ಲದೆ ತಿರುಗಿ ಹೇಳತೊಡಗಿದಳು. ತುಟಿಗಳು ಮಾತ್ರ ನಿಲ್ಲದೆ ಕುಣಿಯುತ್ತಿದ್ದವು. ಮೇಜಿನ ಕೆಳಗಿಂದ ಅವನ್ನೇ ನೋಡುತ್ತಿದ್ದ ಕುಳ್ಳಿ ಕಿರುಚಿ ಹೇಳಿದಳು: “ಹೆಣ್ಣಂತೆ! ಎರಡೂ ಜೀವ ಚೆನ್ನಾಗಿವೆಯಂತೆ!”

ಯಜಮಾನರು ತಮ್ಮ ಕರೆ ಮುಗಿಸಿದ್ದರು. ನಿಂತ ಯಂತ್ರಗಳನ್ನು, ಒಡೆದ ಬೀಗವನ್ನು, ನೆಲಕ್ಕೆ ಬಿದ್ದ ಬಿಳಿ ಶೀಟುಗಳನ್ನು ಒಂದೊಂದಾಗಿ ನೋಡಿದರು. “ಯಾರು ಶುರು ಮಾಡಿದ್ದು ಇದನ್ನ?” ಎಂದರು. ದನಿ ತಣ್ಣಗಿತ್ತು. ಗೇಟಿನ ತಾತ ಪೆಟ್ಟಿಗೆಯ ಮುಚ್ಚಳವನ್ನು ಎದೆಗೆ ಅವಚಿಕೊಂಡ. ಇಸ್ತ್ರಿಯವನು ರಾಶಿಯಿಂದ ಎದ್ದು ನಿಂತ.

“ಇವಳೇ ಸಾರ್!” ಎಂದ ಒಂದ್ನಿಮಿಷ. “ಏಯ್, ಫೋನ್ ಇಡೇ! ಯಜಮಾನ್ರು ನಿಂತಿದ್ದಾರೆ, ಕಾಣಲ್ವಾ? ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ! ಕೇಳಿಸ್ತಾ? ನಿನ್ನನ್ನೇ ಕಣೇ ಕರೀತಿರೋದು!”

ಗಂಜಿಯಕ್ಕ ಫೋನಿನೊಳಗಿನ ಅಳುವಿಗೆ ಕಿವಿಯನ್ನು ಇನ್ನೂ ಒತ್ತಿ ಹಿಡಿದಳು. ಅವನ ಕಡೆಗೂ ನೋಡಲಿಲ್ಲ, ಯಜಮಾನರ ಕಡೆಗೂ ನೋಡಲಿಲ್ಲ. ಇನ್ನೊಂದು ಕೈಯ ತೋರುಬೆರಳನ್ನು ಮೇಲಕ್ಕೆತ್ತಿದಳು. ಈ ಸಲ ಅದು ನಡುಗಲಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ನಿಂತಿತ್ತು.